ನಾಯಕರನ್ನು ಪ್ರಶ್ನಿಸಿದವರು ದ್ರೋಹಿಗಳಲ್ಲ: ಟಿಬೆಟ್‌ನ ದೇಶಭ್ರಷ್ಟ ಸಂಸತ್ತಿನ ಸಭಾಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಸಭಾಧ್ಯಕ್ಷರೇ,

ತಾವು ನಡೆಸುವ ಸದನ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಧರ್ಮಶಾಲೆಯಲ್ಲಿ ಸೇರುತ್ತದೆ. ಮುಂದಿನ ಅಧಿವೇಶನದಲ್ಲೇ ಒಂದು ನಿಯಮ ತನ್ನಿ ಎಂದು ಕೇಳುವುದಕ್ಕಾಗಿ ಈ ಪತ್ರ. ಸಿಕ್ಯೋಂಗ್ ಎಂಬ ಚುನಾಯಿತ ಆಡಳಿತ ಮುಖ್ಯಸ್ಥರು, ಕಶಾಗ್ ಎಂಬ ಮಂತ್ರಿಮಂಡಲ, ಸಂಸತ್ತು, ನಿರಾಶ್ರಿತರ ವಸಾಹತಿನ ಅಧಿಕಾರಿ, ಇವರಲ್ಲಿ ಯಾರನ್ನೇ ಟೀಕಿಸಿದರೂ ಟೀಕಿಸಿದವರಿಗೆ ತೊಂದರೆ ತಟ್ಟದಂತೆ ಕಾಯುವ, ಟೀಕೆಗೆ ಗೊತ್ತುಪಡಿಸಿದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಿಸುವ ನಿಯಮ ಅದು. ಬೈಲುಕುಪ್ಪೆಯ ಎರಡು ವಸಾಹತು, ಹುಣಸೂರು, ಒಡೆಯರಪಾಳ್ಯ, ಮುಂಡಗೋಡು, ಹೀಗೆ ಕರ್ನಾಟಕದಲ್ಲಿ ಐದು ಕಡೆ ನಿಮ್ಮ ಜನ ನೆಲೆಸಿದ್ದಾರೆ. ಅವರ ಹೋರಾಟ ಗೆಲ್ಲಬೇಕೆಂದು ಬಯಸುವ ಕನ್ನಡಿಗರು ನಾವು. ನಮಗೆ ನಿಮ್ಮಲ್ಲಿ ಮತವಿಲ್ಲ, ಯಾವ ಬಣದ ಹಂಗೂ ಇಲ್ಲ.

ವಾಕ್‌ಸ್ವಾತಂತ್ರ್ಯ ನಮ್ಮ ಸಂವಿಧಾನದಂತಿರುವ ಸನ್ನದಿನಲ್ಲೇ ಇದೆಯಲ್ಲ ಎಂದು ತಾವು ಹೇಳಬಹುದು. ಇದೆ, 1991ರಿಂದಲೂ ಇದೆ. ಅದಕ್ಕೂ ಮುಂಚೆ, 1963ರ ಸಂವಿಧಾನದ ಕರಡಿನಲ್ಲಿ ಇನ್ನೂ ದೊಡ್ಡ ಮಾತೊಂದಿತ್ತು: ಸದನದ ಮೂರನೇ ಎರಡರಷ್ಟು ಸದಸ್ಯರು ಸರ್ವೋಚ್ಚ ನ್ಯಾಯಾಲಯದೊಂದಿಗೆ ಸಮಾಲೋಚಿಸಿ ದಲೈಲಾಮಾ ಅವರ ಆಡಳಿತಾಧಿಕಾರವನ್ನೇ ರಾಜಪ್ರತಿನಿಧಿ ಮಂಡಳಿಗೆ ವಹಿಸಬಹುದು. ಜನ ಬೇಡವೆಂದು ಅಂಗಲಾಚಿದರೂ ಆ ಕಲಮು ಉಳಿಯಲಿ ಎಂದು ಹಟ ಹಿಡಿದವರು ಸ್ವತಃ ದಲೈಲಾಮಾ. ತನ್ನನ್ನೇ ಕೆಳಗಿಳಿಸಲು ಕಾನೂನಿನಲ್ಲಿ ದಾರಿ ಬಿಟ್ಟ ಧರ್ಮಗುರುವಿನ ಹೆಸರನ್ನು ಅಡ್ಡ ಹಿಡಿದು ಒಬ್ಬ ಮಂತ್ರಿಯನ್ನೋ ಅಧಿಕಾರಿಯನ್ನೋ ಪ್ರಶ್ನೆಯಿಂದ ಪಾರು ಮಾಡುವುದು ಆತನಿಗೆ ಸಲ್ಲಿಸುವ ಗೌರವವಲ್ಲ. 2011ರಲ್ಲಿ ಅವರು ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಟ್ಟ ಮೇಲಂತೂ ಕಶಾಗ್‌ನ ತಪ್ಪು ಕಶಾಗ್‌ನದೇ. ಆದರೂ ಸಿಕ್ಯೋಂಗ್ ವಿರುದ್ಧ ಆಡಿದ ಮಾತು ಗುರುವಿನ ವಿರುದ್ಧ ಆಡಿದ ಮಾತೆಂದು ತಿರುಗುವುದು ಇನ್ನೂ ನಿಂತಿಲ್ಲ. ಉಮೈಲಮ್ ಬಿಟ್ಟು ರಂಗ್ಜೆನ್ ಎನ್ನುವವರಿಗೆ, ಅಂದರೆ ಚೀನಾದೊಳಗೇ ಸ್ವಾಯತ್ತತೆ ಕೇಳುವ ಮಧ್ಯಮ ಮಾರ್ಗ ಸಾಲದು, ಪೂರ್ಣ ಸ್ವಾತಂತ್ರ್ಯವೇ ಬೇಕು ಎನ್ನುವವರಿಗೆ, ಈ ಪೆಟ್ಟು ಹೆಚ್ಚು ಬೀಳುತ್ತದೆ.

ಹಕ್ಕು ಕಾಗದದಲ್ಲಿದ್ದೂ ಬಾಯಿ ಕಟ್ಟಿರುವುದಕ್ಕೆ ಕಾರಣ ಭಕ್ತಿಯೊಂದೇ ಅಲ್ಲ. ವಸಾಹತಿನ ದಿನನಿತ್ಯದ ಕಾಗದಪತ್ರ ನೋಡಿದರೆ ಇನ್ನೊಂದು ಕಾರಣ ಕಾಣುತ್ತದೆ. ಮಗಳ ವಿದ್ಯಾರ್ಥಿವೇತನವಿರಲಿ, ವಿದೇಶಕ್ಕೆ ಹೋಗುವ ದಾಖಲೆಯಿರಲಿ, ಆಸ್ಪತ್ರೆಯ ನೆರವಿರಲಿ, ಎಲ್ಲೋ ಒಂದು ಕಡೆ ವಸಾಹತು ಕಚೇರಿಯ ಶಿಫಾರಸು ಪತ್ರ ಬೇಕಾಗುತ್ತದೆ. ಆ ಪತ್ರಕ್ಕೆ ಸಹಿ ಹಾಕುವವರ ಮೇಲೆಯೇ ದೂರು ಕೊಡಬೇಕಾದಾಗ ಮನೆಯವರೇ ಕೈ ಹಿಡಿದು ಎಳೆಯುತ್ತಾರೆ. ಯಾರೂ ಗದರಿಸಬೇಕಿಲ್ಲ, "ಸಾಹೇಬರು ಊರಲ್ಲಿಲ್ಲ, ಮುಂದಿನ ವಾರ ಬನ್ನಿ" ಎಂದರೆ ಸಾಕು, ಕಾಲೇಜಿನ ಕೊನೆಯ ದಿನಾಂಕ ದಾಟಿರುತ್ತದೆ.

ಹಾಗಾದರೆ ಸಂಸದರ ಹತ್ತಿರ ಹೋಗಲಿ ಎಂದರೆ, ಯಾವ ಸಂಸದರು? ನಿಮ್ಮ 45 ಸ್ಥಾನಗಳಲ್ಲಿ 30 ಸ್ಥಾನ ಉ-ತ್ಸಾಂಗ್, ಖಾಮ್, ಆಮ್ಡೊ ಎಂಬ ಮೂರು ಪ್ರಾಂತ್ಯಗಳಿಗೆ ತಲಾ ಹತ್ತರಂತೆ, 10 ಸ್ಥಾನ ನಾಲ್ಕು ಬೌದ್ಧ ಪಂಥಗಳಿಗೆ ಮತ್ತು ಬೋನ್ ಧರ್ಮಕ್ಕೆ ತಲಾ ಎರಡರಂತೆ, ಉಳಿದ 5 ಸ್ಥಾನ ವಿದೇಶದಲ್ಲಿರುವವರಿಗೆ. ಮುಂಡಗೋಡಿನ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವರೂ ತಾತ ಬಿಟ್ಟು ಬಂದ ಪ್ರಾಂತ್ಯಕ್ಕೆ ಮತ ಹಾಕುತ್ತಾರೆ. ಟಿಬೆಟ್ ಒಂದೇ ಎಂಬ ಹಕ್ಕುಸ್ಥಾಪನೆಗೆ ಈ ಏರ್ಪಾಡು ಬೇಕು, ನಾವು ಒಪ್ಪುತ್ತೇವೆ. ಆದರೆ ಇದರಿಂದ ಮುಂಡಗೋಡಿನವರಿಗೆ "ನಮ್ಮ ಸಂಸದರು" ಎಂದು ಹಿಡಿದು ಕೇಳಲು ಯಾರೂ ಇಲ್ಲದಾಯಿತು. ದೂರಿನ ಏರ್ಪಾಡನ್ನು ಕ್ಷೇತ್ರದ ಸಂಸದರ ಮೇಲೆ ಬಿಡದೆ ಸದನದ ಸಚಿವಾಲಯದ ಕೈಗೇ ಕೊಡಿ ಎಂದು ನಾವು ಹೇಳುವುದು ಇದಕ್ಕಾಗಿ.

ದೂರಿನ ದಾರಿ ಹೀಗಿರಲಿ. ಪ್ರತಿ ದೂರಿಗೂ ಕ್ರಮಸಂಖ್ಯೆ, ಮೊಹರು ಇರುವ ರಸೀದಿ. ಹದಿನೈದು ದಿನದೊಳಗೆ ಸ್ವೀಕೃತಿ, ಅರವತ್ತು ದಿನದೊಳಗೆ ಕಾರಣಸಹಿತ ಉತ್ತರ. ವಸಾಹತು ಅಧಿಕಾರಿಯ ಮೇಲಿನ ದೂರು ಅವರ ಮೇಜಿಗೂ ಹೋಗಬಾರದು, ಅವರನ್ನು ನೇಮಿಸುವ ಗೃಹ ಇಲಾಖೆಗೂ ಮೊದಲು ಹೋಗಬಾರದು. ದೂರು ಬಾಕಿ ಇರುವಷ್ಟು ದಿನ ಆ ಕುಟುಂಬಕ್ಕೆ ಶಿಫಾರಸು ಪತ್ರ ಕೊಡಲು ಇನ್ನೊಬ್ಬ ಅಧಿಕಾರಿಗೆ ಸಹಿಯ ಅಧಿಕಾರ ಇರಬೇಕು. ಪತ್ರ ನಿರಾಕರಿಸಿದರೆ ಏಳು ದಿನದೊಳಗೆ ಬರಹದಲ್ಲಿ ಕಾರಣ ಕೊಡಬೇಕು.

ಇಂಥ ಏರ್ಪಾಡು ಎಲ್ಲಿ ಕೆಡುತ್ತದೆ ಎಂಬುದೂ ಗೊತ್ತಿರುವ ಸಂಗತಿಯೇ. ದೂರು ಪೆಟ್ಟಿಗೆಯನ್ನು ಕಚೇರಿಯ ಜಗಲಿಯಲ್ಲಿಟ್ಟು ಬೀಗದ ಕೈ ಗುಮಾಸ್ತರ ಬಳಿ ಇಟ್ಟರೆ ಒಂದು ಚೀಟಿಯೂ ಬೀಳುವುದಿಲ್ಲ. ಪೆಟ್ಟಿಗೆಗೆ ಎರಡು ಬೀಗ ಬೇಕು: ಒಂದರ ಕೈ ಸ್ಥಳೀಯ ಸಭೆಯ ಅಧ್ಯಕ್ಷರಲ್ಲಿ, ಇನ್ನೊಂದರದು ಕಚೇರಿಗೆ ಸೇರದ ಒಬ್ಬರಲ್ಲಿ, ಶಾಲೆಯ ಹಿರಿಯ ಶಿಕ್ಷಕರಾದರೂ ಆದೀತು. ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬಂದ ದೂರಿನ ಮೂಲ ಪ್ರತಿಯನ್ನೇ "ಅಭಿಪ್ರಾಯಕ್ಕಾಗಿ" ಎಂದು ಷರಾ ಬರೆದು ಆಪಾದಿತರಿಗೆ ಕಳಿಸುವ ಅಭ್ಯಾಸ ಎಲ್ಲ ಕಚೇರಿಗಳಲ್ಲೂ ಉಂಟು. ಎಲ್ಲರಿಗೂ ಎಲ್ಲರ ಕೈಬರಹ ಗೊತ್ತಿರುವ ಸಣ್ಣ ಊರಿನಲ್ಲಿ ಹೆಸರು ಅಳಿಸಿ ಪ್ರಯೋಜನವಿಲ್ಲ. ದೂರಿನ ಸಾರವನ್ನು ಬೇರೆಯಾಗಿ ಟೈಪು ಮಾಡಿಸಿ, ಬರೆದವರ ಕ್ಯಾಂಪು, ವಯಸ್ಸು, ಮನೆತನ ತಿಳಿಯುವ ಸಾಲುಗಳನ್ನು ತೆಗೆದು, ಅದನ್ನು ಮಾತ್ರ ಕಳಿಸಬೇಕು. ಮೂಲ ಪ್ರತಿ ಸಚಿವಾಲಯದ ಕಪಾಟಿನಿಂದ ಆಚೆ ಬರಬಾರದು. ಟಿಬೆಟ್‌ನಲ್ಲಿ ಬಂಧುಗಳಿರುವವರಿಗೆ ಇದು ಜೀವದ ಪ್ರಶ್ನೆ.

ಇನ್ನು ಎಲ್ಲರೂ ಎತ್ತುವ ಆಕ್ಷೇಪ: ಮನೆಯ ಜಗಳ ಬೀದಿಗೆ ಬಂದರೆ ಬೀಜಿಂಗ್‌ಗೆ ಲಾಭ. ಈ ಭಯ ಸುಳ್ಳಲ್ಲ. 2009ರಲ್ಲಿ ಬೆಳಕಿಗೆ ಬಂದ ಘೋಸ್ಟ್‌ನೆಟ್ ಬೇಹುಗಾರಿಕೆಯಲ್ಲಿ ಧರ್ಮಶಾಲೆಯ ಕಂಪ್ಯೂಟರುಗಳಿಗೂ ಕನ್ನ ಬಿದ್ದಿತ್ತು. ಆದರೆ ಗುಟ್ಟು ಬೇರೆ, ಟೀಕೆ ಬೇರೆ. ಟಿಬೆಟ್ ಒಳಗಿನಿಂದ ಸುದ್ದಿ ಕೊಡುವವರ ಹೆಸರು, ಸುದ್ದಿ ಬರುವ ದಾರಿ, ದಲೈಲಾಮಾ ಅವರ ಭದ್ರತೆ, ನಡೆಯುತ್ತಿರುವ ಮಾತುಕತೆಯ ಕಾಗದ, ಇವು ಗುಟ್ಟು, ಗುಟ್ಟಾಗಿಯೇ ಇರಲಿ. ಲೆಕ್ಕಪತ್ರ, ನೇಮಕ, ವಜಾ ಮಾಡಿದ ಕಾರಣ, ಚುನಾವಣೆಯ ನಿಯಮ, ಲೆಕ್ಕಪರಿಶೋಧಕರ ವರದಿ, ಇವು ಗುಟ್ಟಲ್ಲ. ಗುಟ್ಟಿನ ಪಟ್ಟಿಯನ್ನು ಸದನ ಬರಹದಲ್ಲಿ ಒಪ್ಪಲಿ, ವರ್ಷಕ್ಕೊಮ್ಮೆ ಪರಿಷ್ಕರಿಸಲಿ. ಪಟ್ಟಿಯಲ್ಲಿಲ್ಲದ್ದನ್ನು ಭದ್ರತೆಯ ಹೆಸರಿನಲ್ಲಿ ಮುಚ್ಚಿಡುವ ಅಧಿಕಾರ ಯಾರಿಗೂ ಬೇಡ. ಹಾಗೆಯೇ, ಇಂಥವರು ಚೀನಾದ ಏಜೆಂಟು ಎಂದು ಸದನದಲ್ಲಾಗಲಿ ವೇದಿಕೆಯಲ್ಲಾಗಲಿ ಹೇಳಿದವರು ಹದಿನಾಲ್ಕು ದಿನದೊಳಗೆ ಆಧಾರವನ್ನು ಬರಹದಲ್ಲಿ ಒಪ್ಪಿಸಬೇಕು. ಇಲ್ಲವಾದರೆ ಆ ಮಾತನ್ನು ಕಡತದಿಂದ ತೆಗೆದು, ತೆಗೆದದ್ದನ್ನು ಪ್ರಕಟಿಸಬೇಕು. ನಿಜವಾದ ಬೇಹುಗಾರ ಗದ್ದಲ ಎಬ್ಬಿಸಿ ಎಲ್ಲರ ಕಣ್ಣಿಗೆ ಬೀಳಲು ಬಯಸುವುದಿಲ್ಲ, ಮೇಲಿನವರನ್ನು ಹೊಗಳುತ್ತಾ ಬಾಗಿಲ ಹತ್ತಿರವೇ ಇರುತ್ತಾನೆ. ಟೀಕಿಸುವವರಲ್ಲೇ ಬೇಹುಗಾರರನ್ನು ಹುಡುಕುವ ಚಳವಳಿ ತಪ್ಪು ಜಾಗದಲ್ಲಿ ಹುಡುಕುತ್ತಿರುತ್ತದೆ.

ಬೇರೆ ಜನಾಂಗಗಳ ಹೋರಾಟ ಇದಕ್ಕೆ ತೆತ್ತ ಬೆಲೆ ಇತಿಹಾಸದಲ್ಲಿದೆ. ಬರ್ಮಾದ ಕರೆನ್ ಜನಾಂಗದ ಸಶಸ್ತ್ರ ಸಂಘಟನೆ ಕರೆನ್ ನ್ಯಾಷನಲ್ ಯೂನಿಯನ್‌ನ ಮುಂಚೂಣಿಯಲ್ಲಿ ಕ್ರೈಸ್ತರೇ ಹೆಚ್ಚು, ಕೆಳಗಿನ ಸೈನಿಕರಲ್ಲಿ ಬೌದ್ಧರು ಬಹಳ. ತಾರತಮ್ಯವಾಗುತ್ತಿದೆ ಎಂಬ ಬೌದ್ಧ ಸೈನಿಕರ ಅಹವಾಲಿಗೆ ತೃಪ್ತಿಕರ ಉತ್ತರ ಸಿಗಲಿಲ್ಲ. 1994ರ ಡಿಸೆಂಬರ್‌ನಲ್ಲಿ ಅವರು ಸಿಡಿದು ಬೇರೆ ಪಡೆ ಕಟ್ಟಿ ಬರ್ಮಾ ಸೇನೆಯ ಜೊತೆ ಸೇರಿದರು. ಮರುತಿಂಗಳು, 1995ರ ಜನವರಿಯಲ್ಲಿ, ಕೇಂದ್ರ ನೆಲೆ ಮನೇರ್‌ಪ್ಲಾವ್ ಬಿತ್ತು. ಸೇನೆಗೆ ಅಷ್ಟು ವರ್ಷ ದಕ್ಕದ ಕೋಟೆ ಒಳಗಿನವರು ಮುನಿದಾಗ ವಾರಗಳಲ್ಲಿ ಹೋಯಿತು. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ವಿರುದ್ಧ ಹೋರಾಡಿದ ಎಎನ್‌ಸಿಯ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್‌ನ) ಅಂಗೋಲಾ ಶಿಬಿರಗಳಲ್ಲಿ 1984ರಲ್ಲಿ ಹೋರಾಟಗಾರರೇ ದಂಗೆ ಎದ್ದರು. ಅವರ ಬೇಡಿಕೆಗಳಲ್ಲಿ ಒಂದು, ಪ್ರತಿನಿಧಿಗಳ ಸಮ್ಮೇಳನ ಕರೆಯಿರಿ ಎಂಬುದು. ಅನೇಕರನ್ನು ಶತ್ರುವಿನ ಏಜೆಂಟರೆಂದು ಬಂಧನ ಶಿಬಿರಕ್ಕೆ ತಳ್ಳಲಾಯಿತು, ಚಿತ್ರಹಿಂಸೆ ನಡೆಯಿತು. ಸಮ್ಮೇಳನ ಮರುವರ್ಷ ಜಾಂಬಿಯಾದ ಕಬ್ವೆಯಲ್ಲಿ ನಡೆದೇ ನಡೆಯಿತು. 1992 ಮತ್ತು 1993ರಲ್ಲಿ ಎಎನ್‌ಸಿ ತಾನೇ ನೇಮಿಸಿದ ಎರಡು ಆಯೋಗಗಳು ಆ ಹಿಂಸೆಯನ್ನು ದಾಖಲಿಸಿದವು. ನಿಮ್ಮದು ಅಹಿಂಸೆಯ ಹೋರಾಟ, ಹೋಲಿಕೆಗೆ ಮಿತಿಯುಂಟು. ಆದರೆ ಟೀಕೆಯನ್ನು ಶತ್ರುವಿನ ಸಂಚು ಎಂದು ಕರೆಯುವ ಮೊದಲ ಹೆಜ್ಜೆ ಎಲ್ಲ ಕಡೆಯೂ ಒಂದೇ ತರಹ ಇರುತ್ತದೆ.

ನಿಮ್ಮಲ್ಲೂ ಎಚ್ಚರಿಕೆಯ ಗಂಟೆ ಬಾರಿಸಿದೆ. ಕಶಾಗ್‌ಅನ್ನು ಮುಲಾಜಿಲ್ಲದೆ ಪ್ರಶ್ನಿಸುತ್ತಿದ್ದ "ಮಾಂಗ್ತ್ಸೊ" ಪತ್ರಿಕೆ ಒತ್ತಡ ತಾಳಲಾರದೆ 1996ರಲ್ಲಿ ನಿಂತಿತು. 2015ರ ಸಿಕ್ಯೋಂಗ್ ಚುನಾವಣೆಯಲ್ಲಿ ಮೊದಲ ಸುತ್ತಿನ ಮತದಾನ ಮುಗಿದ ಮೇಲೆ ಚುನಾವಣಾ ಆಯೋಗ ಹೊಸ ಷರತ್ತು ತಂದಿತು. ಮೂರನೇ ಸ್ಥಾನಕ್ಕೆ ಬಂದಿದ್ದ ರಂಗ್ಜೆನ್ ವಾದಿ ಲುಕಾರ್ ಜಾಮ್ ಅಂತಿಮ ಕಣದಿಂದ ಹೊರಗುಳಿದರು. ಉದ್ದೇಶ ಏನೇ ಇರಲಿ, ಆಟ ಶುರುವಾದ ಮೇಲೆ ಗೆರೆ ಸರಿಸಿದಂತಾಯಿತು. ಮೊದಲ ಸುತ್ತಿನ ಮತದಾನಕ್ಕೆ 180 ದಿನ ಮುಂಚಿನಿಂದ ಫಲಿತಾಂಶ ಬರುವವರೆಗೆ ಯಾವ ನಿಯಮವನ್ನೂ ಬದಲಿಸಬಾರದು ಎಂಬ ಒಂದು ಸಾಲು ಸೇರಿಸಿದರೆ ಈ ಬಾಗಿಲು ಮುಚ್ಚುತ್ತದೆ. ಒಳ್ಳೆಯ ಉದಾಹರಣೆಯೂ ಇದೆ. 2017ರಲ್ಲಿ ವಾಷಿಂಗ್ಟನ್ ಪ್ರತಿನಿಧಿ ಹುದ್ದೆಯಿಂದ ತೆಗೆಯಲ್ಪಟ್ಟ ಪೆನ್ಪಾ ತ್ಸೆರಿಂಗ್ ಬಣ ಕಟ್ಟಿ ಒಡೆಯಲಿಲ್ಲ, ನಿಮ್ಮ ಸರ್ವೋಚ್ಚ ನ್ಯಾಯ ಆಯೋಗದ ಮೆಟ್ಟಿಲು ಹತ್ತಿದರು. 2021ರಲ್ಲಿ ಜನ ಅವರನ್ನೇ ಸಿಕ್ಯೋಂಗ್ ಮಾಡಿದರು. ದೂರಿಗೆ ಹೋಗಲು ಒಂದು ಬಾಗಿಲಿದ್ದರೆ ಮುನಿಸು ಒಡಕಾಗುವುದಿಲ್ಲ. ಅದೇ 2021ರ ಮಾರ್ಚ್‌ನಲ್ಲಿ ಸಂಸತ್ತು ಆ ಆಯೋಗದ ಮೂವರೂ ನ್ಯಾಯಾಧೀಶರನ್ನು ತೆಗೆದುಹಾಕಿತು. ಹೊಸ ಸಂಸದರು ಯಾರ ಮುಂದೆ ಪ್ರಮಾಣ ಮಾಡಬೇಕೆಂಬುದರಲ್ಲೇ ಸದನ ಎರಡು ಹೋಳಾಗಿ, ಅಕ್ಟೋಬರ್‌ವರೆಗೂ ಕಲಾಪವಿಲ್ಲದೆ ಕೂತಿತು. ಟೀಕೆಯನ್ನು ತೂಗಿ ನೋಡಬೇಕಾದ ತಕ್ಕಡಿಯನ್ನೇ ಕಿತ್ತಿಡುವ ಅಧಿಕಾರ ಒಂದೇ ದಿನದ ಬಹುಮತಕ್ಕೆ ಸಿಗಬಾರದು. ಎರಡು ಅಧಿವೇಶನಗಳಲ್ಲಿ ಎರಡು ಸಲ ಮತ ಹಾಕಬೇಕು, ನಡುವೆ ನ್ಯಾಯಾಧೀಶರ ವಿವರಣೆ ಕೇಳಬೇಕು.

ಇದಕ್ಕೆ ಈಗಲೇ ಅವಸರ ಏಕೆ ಎಂದರೆ, ದಲೈಲಾಮಾ ಅವರಿಗೆ 2025ರ ಜುಲೈ 6ಕ್ಕೆ ತೊಂಬತ್ತು ತುಂಬಿತು. ಅವರ ಪೀಠ ಮುಂದುವರಿಯುತ್ತದೆ ಎಂದು ಅವರೇ ಘೋಷಿಸಿದ್ದಾರೆ. ಆದರೆ ಮುಂದಿನ ಅವತಾರವನ್ನು ಗುರುತಿಸಿ, ಆ ಮಗು ಬೆಳೆದು ದೊಡ್ಡದಾಗುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆಯಬಹುದು. ಬೀಜಿಂಗ್ ತನ್ನದೇ ಮಗುವನ್ನು ಮುಂದೆ ತರುವುದಂತೂ ಖಚಿತ. ಇಂದು ಬಣಗಳ ಜಗಳ ಮಿತಿ ಮೀರದಂತೆ ತಡೆಯುತ್ತಿರುವುದು ಅವರ ಮೇಲಿನ ಗೌರವ. ಆ ಇಪ್ಪತ್ತು ವರ್ಷ ಅದರ ಜಾಗದಲ್ಲಿ ನಿಲ್ಲಬೇಕಾದ್ದು ನಿಮ್ಮ ಸದನದ ನಿಯಮ ಪುಸ್ತಕ. ಅದು ಅಷ್ಟರೊಳಗೆ ಜನರ ಕೈಯಲ್ಲಿ ಪಳಗಿರಬೇಕು.

ಆದ್ದರಿಂದ ನಮ್ಮ ಕೋರಿಕೆ: ಸದನದ ಐವರ ಉಪಸಮಿತಿಯೊಂದು ಕರಡು ಬರೆಯಲಿ, ಐವರಲ್ಲಿ ಇಬ್ಬರಾದರೂ ಕಶಾಗ್‌ನ ನಿಲುವನ್ನು ವಿರೋಧಿಸಿ ಮಾತನಾಡಿದವರಿರಲಿ. ಅಧಿವೇಶನಕ್ಕೆ 45 ದಿನ ಮೊದಲೇ ಕರಡನ್ನು ಟಿಬೆಟಿಯನ್ ಭಾಷೆಯಲ್ಲಿ ಮುದ್ರಿಸಿ ಎಲ್ಲ ಸ್ಥಳೀಯ ಸಭೆಗಳಿಗೂ ಮಠಗಳಿಗೂ ಕಳಿಸಿ. ಓದಲು ಬಾರದ ಹಿರಿಯರಿಗಾಗಿ ಕ್ಯಾಂಪಿನ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಬಂದ ಆಕ್ಷೇಪಗಳಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂಬ ಪಟ್ಟಿಯನ್ನು ಮತದಾನಕ್ಕೆ ಮೊದಲು ಸದನದ ಮುಂದಿಡಿ.

ಇಂತಿ ತಮ್ಮ ವಿಶ್ವಾಸಿಗಳು,
ಟಿಬೆಟ್ ಹೋರಾಟದ ಕನ್ನಡ ಗೆಳೆಯರು