ವಿಂಟರ್ ಡಾನ್ ಅಂತ ಕಳಿಸಿದ್ದು ಸ್ಟ್ರಾಬೆರಿಯೇ ಅಲ್ಲ, ದುಡ್ಡು ವಾಪಸ್ ಕೊಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಅಕ್ಟೋಬರ್‌ನಲ್ಲಿ ನಿಮ್ಮ ಆ್ಯಪ್‌ನಿಂದ ‘ವಿಂಟರ್ ಡಾನ್’ ಸ್ಟ್ರಾಬೆರಿಯ ಹತ್ತು ಸಸಿ ತರಿಸಿದ್ದೆ. ಮಹಾಬಲೇಶ್ವರದ ಸಸಿ ಅಂತ ನೀವೇ ಬರೆದಿದ್ದೀರಿ. ಮೈಸೂರಿನ ನಮ್ಮ ತಾರಸಿಯಲ್ಲಿ ಕೊಕೊಪೀಟ್, ಎರೆಗೊಬ್ಬರ ಹಾಕಿ, ಸುಳಿ ಮಣ್ಣಿನಲ್ಲಿ ಹೂತುಹೋಗದ ಹಾಗೆ ನೆಟ್ಟೆ. ಚೆನ್ನಾಗಿಯೇ ಬೆಳೆದವು. ಈಗ ಹೂ ಬಿಟ್ಟಿವೆ, ಹತ್ತೂ ಗಿಡದಲ್ಲಿ ಹಳದಿ ಹೂ!

ವಿಂಟರ್ ಡಾನ್ ಹೂವಿನ ಎಸಳು ಬಿಳಿ. ನಡುವೆ ಮಾತ್ರ ಹಳದಿ. ಹಣ್ಣು ತೊಟ್ಟಿನಿಂದ ಕೆಳಗೆ ಜೋತುಬೀಳುತ್ತದೆ. ನೀವು ಕಳಿಸಿದ ಗಿಡದಲ್ಲಿ ಗೋಲಿಯಷ್ಟೇ ಹಣ್ಣು, ತೊಟ್ಟಿನ ಮೇಲೆ ನೆಟ್ಟಗೆ ನಿಂತಿದೆ, ಮೈತುಂಬ ಕೆಂಪು ಬೀಜ. ಕತ್ತರಿಸಿದರೆ ಒಳಗೆ ಬೆಳ್ಳಗೆ. ಸಿಹಿಯೂ ಇಲ್ಲ, ಹುಳಿಯೂ ಇಲ್ಲ, ಬರೀ ನೀರು, ಪರಿಮಳವಂತೂ ಇಲ್ಲವೇ ಇಲ್ಲ. ಇದು ಮಾಕ್ ಸ್ಟ್ರಾಬೆರಿ, ಅಂದರೆ ಸ್ಟ್ರಾಬೆರಿಯ ಹಾಗೇ ಕಾಣುವ ಬೇರೆಯೇ ಗಿಡ, ಪೊಟೆಂಟಿಲ್ಲಾ ಇಂಡಿಕಾ. ವಿಷವಲ್ಲ, ಸರಿ. ಆದರೆ ನಾನು ದುಡ್ಡು ಕೊಟ್ಟಿದ್ದು ಇದಕ್ಕಲ್ಲ.

ಫೋಟೋ ಸಮೇತ ಬರೆದರೆ ನಿಮ್ಮವರು ‘ಪೊಟ್ಯಾಷ್ ಕೊಡಿ, ಸರಿಹೋಗುತ್ತದೆ’ ಅಂದರು. ಪೊಟ್ಯಾಷ್ ಹಾಕಿದರೆ ಜಾತಿ ಬದಲಾಗುತ್ತದಾ? ಆಮೇಲೆ ‘ವಾಪಸ್ ಮಾಡೋ 7 ದಿನ ಮುಗಿದಿದೆ’ ಅಂತ ದೂರು ಕ್ಲೋಸ್ ಮಾಡಿದರು. ನಿಜವಾದ ಸ್ಟ್ರಾಬೆರಿ, ಈ ಮಾಕ್ ಸ್ಟ್ರಾಬೆರಿ, ಎರಡಕ್ಕೂ ಮೂರು ಮೂರು ಎಲೆ, ಅಂಚು ಗರಗಸದ ಹಾಗೆ, ಎರಡೂ ನೆಲದ ಮೇಲೆ ಬಳ್ಳಿ ಹಬ್ಬಿಸುತ್ತವೆ. ಹೂ ಬಿಡುವ ತನಕ ನಮ್ಮಂಥವರಿಗೆ ವ್ಯತ್ಯಾಸ ಗೊತ್ತಾಗೋದು ಹೇಗೆ? ಗೊತ್ತಿರಬೇಕಾದವರು ನೀವು, ಅಲ್ವಾ?

ದುಡ್ಡಿಗಿಂತ ಜಾಸ್ತಿ ಬೇಜಾರು ಚಳಿಗಾಲ ಕೈತಪ್ಪಿದ್ದಕ್ಕೆ. ಈ ತಳಿಗೆ ಹಗಲು ಚಿಕ್ಕದಾಗಿ, ರಾತ್ರಿ ತಂಪಾಗಿರಬೇಕು. ಈಗ ಬೇರೆ ಸಸಿ ನೆಟ್ಟರೆ ಬೇರು ಹಿಡಿಯುವಷ್ಟರಲ್ಲಿ ಬಿಸಿಲು ಏರುತ್ತದೆ. ಹಣ್ಣು ಬಿಡೋ ಹೊತ್ತಿಗೆ ಕೀಳೋಣ ಅಂತ ದಿನಾ ಕಾಯುತ್ತಿದ್ದ ನನ್ನ ಮಗಳಿಗೆ ಏನು ಹೇಳಲಿ?

ಹಾಗಾಗಿ ಬದಲಿ ಸಸಿ ಬೇಡ. ಕೊರಿಯರ್ ಖರ್ಚೂ ಸೇರಿಸಿ ಪೂರ್ತಿ ಹಣ ವಾಪಸ್ ಹಾಕಿ. ಆ ಸಸಿಗಳ ಮಾರಾಟ ಇವತ್ತೇ ನಿಲ್ಲಿಸಿ, ನನ್ನ ಹಾಗೆ ತರಿಸಿಕೊಂಡ ಎಲ್ಲರಿಗೂ ನೀವೇ ತಿಳಿಸಿ. ಜಾಹೀರಾತಿನಲ್ಲಿ ಹೇಳಿದ್ದಕ್ಕೂ ಕಳಿಸಿದ್ದಕ್ಕೂ ತಾಳೆಯಾಗದಿದ್ದರೆ ಮಾರಿದವರು ಹಣ ಕೊಡೋದಿಲ್ಲ ಅನ್ನುವಂತಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲೇ ಅದು ಇದೆ. ಒಂದು ವಾರದಲ್ಲಿ ಉತ್ತರ ಬರದಿದ್ದರೆ 1915ಕ್ಕೆ, ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ. ಹೂವು, ಹಣ್ಣು, ಬಿಲ್ಲಿನ ಫೋಟೋ ಇದರ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕಿ, ಮೈಸೂರು