ತಟ್ಟೆಯಲ್ಲಿ ಸತ್ತ ಕೋಶ, ಪೇಪರಿನಲ್ಲಿ ‘ಮದ್ದು’

ಸಂಪಾದಕರೇ,

ಗರ್ಭಕಂಠದ ಕ್ಯಾನ್ಸರ್‌ಗೆ ಮದ್ದು ಸಿಕ್ಕೇಬಿಟ್ಟಿತು ಅನ್ನುವಂಥ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಒಮ್ಮೆ ಅರಿಶಿನ, ಒಮ್ಮೆ ಯಾವುದೋ ಬೇರು, ಇನ್ನೊಮ್ಮೆ ಹೆಸರೂ ಇಲ್ಲದ, ಬರೀ ನಂಬರಿನ ಹೊಸ ರಾಸಾಯನಿಕ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇದೇ ಕ್ಯಾನ್ಸರಿನ ಕೋಶ ಬೆಳೆಸುವ ಕೆಲಸದವಳು. ಸುದ್ದಿ ಸುಳ್ಳಲ್ಲ. ಅರ್ಧಕ್ಕೇ ನಿಲ್ಲುತ್ತದೆ, ಅಷ್ಟೇ.

ಕೆಲಸ ಹೇಗಿರುತ್ತದೆ ಹೇಳುತ್ತೇನೆ. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ, ಪಡ್ಡಿನ ಕಾವಲಿಯನ್ನು ಮಕ್ಕಳ ಆಟಿಕೆಗೆಂದು ಚಿಕ್ಕದಾಗಿ ಮಾಡಿದ ಹಾಗೆ. ಒಂದೊಂದರಲ್ಲೂ ಹೀಲಾ ಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಂಗಸಿನ ಗರ್ಭಕಂಠದ ಗೆಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದದ್ದು. ಆಕೆ ಅದೇ ವರ್ಷ ತೀರಿಕೊಂಡರು, ಕೋಶಗಳು ಇವತ್ತಿಗೂ ಬೆಳೆಯುತ್ತಿವೆ. ಗುಳಿಗಳಿಗೆ ಹೊಸ ರಾಸಾಯನಿಕ ಹಾಕಿ, 37 ಡಿಗ್ರಿ ಶಾಖದಲ್ಲಿ ಎರಡು ದಿನ ಇಟ್ಟು, ಆಮೇಲೆ ಒಂದು ಹಳದಿ ಬಣ್ಣ ಬಿಡುತ್ತೇವೆ. ಕೋಶ ಬದುಕಿದ್ದರೆ ಅದು ನೇರಳೆಗೆ ತಿರುಗುತ್ತದೆ. ಸತ್ತಿದ್ದರೆ ಹಳದಿಯಾಗಿಯೇ ಉಳಿಯುತ್ತದೆ. ಹಳದಿ ಉಳಿದ ದಿನ ನಮಗೆ ಖುಷಿಯೋ ಖುಷಿ. ಆದರೆ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿದರೂ ಅದು ಹಳದಿಯೇ!

ಸುಮ್ನೆ ಕೊಲ್ಲುವುದಕ್ಕಿಂತ, ಕೋಶದೊಳಗೆ ಓಡಾಡುವ ಸೂಚನೆಯನ್ನು ತಡೆಯುವ ರಾಸಾಯನಿಕಗಳನ್ನು ಈಗ ಜಾಸ್ತಿ ಹುಡುಕುತ್ತಾರೆ. ‘ಬೆಳೆ’ ಅನ್ನುವ ಸೂಚನೆ ಪಿಐ3ಕೆ, ಎಕೆಟಿ, ಎಂಟಾರ್ ಅಂತ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ. ಈ ಕ್ಯಾನ್ಸರಿನಲ್ಲಿ ಎಷ್ಟೋ ಸಲ ಪಿಐ3ಕೆ ಜೀನೇ ಕೆಟ್ಟಿರುತ್ತದೆ, ಯಾರೂ ಹೇಳದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ. ಸಾಲದ್ದಕ್ಕೆ, ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಇ6 ಪ್ರೋಟೀನು, ಕೆಟ್ಟ ಕೋಶವನ್ನು ನಿಲ್ಲಿಸಬೇಕಾದ ಪಿ53 ಎಂಬ ಪ್ರೋಟೀನನ್ನೇ ನಾಶ ಮಾಡಿಸುತ್ತದೆ. ನಾಚ್ ಅಂತ ಸೂಚನೆಯ ಇನ್ನೊಂದು ದಾರಿಯೂ ಇದಕ್ಕೆ ಕೈಜೋಡಿಸುತ್ತದೆ ಎಂದು ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಸುಧೀರ್ ಕೃಷ್ಣ ಅವರ ತಂಡ 2001ರಲ್ಲೇ ಬರೆದಿತ್ತು. ಒಂದು ದಾರಿ ಮುಚ್ಚಿದರೆ ಕೋಶ ಇನ್ನೊಂದನ್ನು ಹಿಡಿಯುತ್ತದೆ, ತಲೆನೋವು ಇರುವುದೇ ಅಲ್ಲಿ.

ತಟ್ಟೆ ದಾಟಿ ರೋಗಿಯವರೆಗೆ ಬಂದದ್ದು ಇಲ್ಲವೇ ಅಂದರೆ, ಇದೆ. ಗೆಡ್ಡೆ ತನಗೆ ಹೊಸ ರಕ್ತನಾಳ ಕರೆಸಿಕೊಳ್ಳುವ ಸೂಚನೆಯನ್ನು ತಡೆಯುವ ಬೆವಾಸಿಜುಮ್ಯಾಬ್ ಎಂಬ ಔಷಧ. 452 ಹೆಂಗಸರ ಮೇಲೆ ನೋಡಿದರು. ಕಾಯಿಲೆ ಹರಡಿದ್ದವರಲ್ಲಿ ಅರ್ಧದಷ್ಟು ಜನ ಬರೀ ಕೀಮೋದಲ್ಲಿ 13.3 ತಿಂಗಳು ದಾಟಿ ಬದುಕಿದರೆ, ಇದನ್ನೂ ಕೊಟ್ಟಾಗ 17 ತಿಂಗಳು. 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೆಚ್ಚಿಗೆ ಸಿಕ್ಕಿದ್ದು ನಾಲ್ಕು ತಿಂಗಳೂ ಇಲ್ಲ. ನಮ್ಮವರು ಇದನ್ನು ದೊಡ್ಡ ಗೆಲುವು ಅನ್ನುತ್ತಾರೆ, ನಿಜಕ್ಕೂ ಗೆಲುವೇ.

ಈಗ ನನ್ನ ಸೋದರತ್ತೆಯ ವಿಷಯ. ಅವರಿಗೆ ಇದೇ ಕಾಯಿಲೆ, ಹರಡಿಲ್ಲ. ರೇಡಿಯೇಷನ್ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ ಮದ್ದು ಅಂದರು ಡಾಕ್ಟರು. ಅಷ್ಟರಲ್ಲಿ ಯಾರೋ ವಾಟ್ಸ್ಆ್ಯಪ್‌ನಲ್ಲಿ ಒಂದು ಪೇಪರ್ ಕಟಿಂಗ್ ಕಳಿಸಿದರು. ಅತ್ತೆ ಫೋನ್ ಮಾಡಿ, ‘ಕರೆಂಟ್ ಯಾಕೆ ಕೊಡಿಸ್ಕೋಬೇಕು ಕಣೇ, ಅರಿಶಿನದಲ್ಲೇ ಕ್ಯಾನ್ಸರ್ ಸಾಯುತ್ತಂತಲ್ಲ, ನೀನು ಮಾಡೋದೂ ಅದೇ ಕೆಲಸ ಅಲ್ವಾ’ ಅಂದರು. ಏನು ಹೇಳಲಿ? ತಟ್ಟೆಯಲ್ಲಿ ನಾವು ನೇರವಾಗಿ ಕೋಶದ ಮೇಲೇ ಸುರಿಯುತ್ತೇವೆ, ನುಂಗಿದ ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ರಕ್ತಕ್ಕೆ ಸೇರುವುದೇ ಬಲು ಕಡಿಮೆ ಅಂತ ಎಷ್ಟು ಹೇಳಿದರೂ, ‘ಪೇಪರಲ್ಲಿ ಬಂದಿದೆಯಲ್ಲ’ ಅನ್ನುವುದೊಂದೇ ಮಾತು. ಚಿಕಿತ್ಸೆ ಶುರುವಾಗದೆ ಐದು ವಾರ ಹಾಗೇ ಹೋಯಿತು.

ಕಟಿಂಗಿನ ಕೊನೆಯ ಸಾಲಿನಲ್ಲಿ ‘ಪ್ರಯೋಗಾಲಯದ ಹಂತದಲ್ಲಿದೆ’ ಅಂತ ಇತ್ತು, ಇಲ್ಲ ಅನ್ನುವುದಿಲ್ಲ. ಅಷ್ಟು ದೂರ ಓದುವವರು ಯಾರು? ಅದನ್ನು ತಲೆಬರಹದಲ್ಲೇ ಹಾಕಿ. ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ, ಒಂದೇ ಪದ ಸಾಕು. ಜಾಗ ಸಾಲದಿದ್ದರೆ ನಮ್ಮ ವಿಜ್ಞಾನಿಗಳ ಫೋಟೋ ಒಂಚೂರು ಚಿಕ್ಕದು ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

– ಲ್ಯಾಬ್ ಉದ್ಯೋಗಿ, ಬೆಂಗಳೂರು