ಹಳೆ ರಿಜಿಸ್ಟರ್ ಓದಿ ಇಸವಿಗೆ 590 ಕೂಡಿಸಲು ಗೊತ್ತಿರುವವರು ಒಬ್ಬರೇ ಉಳಿದಿದ್ದಾರೆ: ರಾಯಚೂರಿನ ನಮ್ಮ ಹೈಸ್ಕೂಲಿಗಾಗಿ ಒಂದು ಮನವಿ

ಹಳೆ ವಿದ್ಯಾರ್ಥಿಗಳಿಗೆ, ಊರಿನ ಹಿರಿಯರಿಗೆ ನಮಸ್ಕಾರ.

ಕಳೆದ ಜೂನ್‌ನಲ್ಲಿ ಒಬ್ಬ ಹುಡುಗ ಶಾಲೆಯ ಆಫೀಸಿಗೆ ಬಂದ. ಬೆಂಗಳೂರಿನಲ್ಲಿ ಕೆಲಸ, ಎರಡು ದಿನ ರಜೆ ಹಾಕಿ ಬಂದಿದ್ದ. "ಸರ, ನಮ್ಮ ತಾತ ಇಲ್ಲೇ ಓದಿದ್ದಂತ್ರಿ. ಅವರದೊಂದು ದಾಖಲೆ ಬೇಕಿತ್ರಿ" ಅಂದ. ಜಾತಿ ಪ್ರಮಾಣಪತ್ರದ ವಿಚಾರಣೆಗೆ ತಾತನ ಶಾಲಾ ದಾಖಲೆ ಕೇಳಿದ್ದರಂತೆ. ಯಾವ ಇಸವಿ ಅಂದರೆ ಗೊತ್ತಿಲ್ಲ. ನಿಜಾಮರ ಪರ ನಿಂತ ರಜಾಕಾರರ ಗಲಾಟೆಗಿಂತ ಮುಂಚೆ ಅನ್ನೋದಷ್ಟೇ ಗೊತ್ತು. ನಮ್ಮ ಕಡೆ ಹಿರಿಯರು ಕಾಲದ ಲೆಕ್ಕ ಹೇಳೋದೇ ಹಾಗೆ ಅಲ್ವಾ.

ಗುಮಾಸ್ತರು ಕಬ್ಬಿಣದ ಪೆಟ್ಟಿಗೆ ತೆಗೆದು ದಾಖಲಾತಿ ರಿಜಿಸ್ಟರ್‌ಗಳನ್ನು ಟೇಬಲ್ ಮೇಲೆ ಇಟ್ಟರು. ದಪ್ಪ ರಟ್ಟು, ಬೆನ್ನಿಗೆ ಗೆದ್ದಲು ಹತ್ತಿದೆ. ಒಳಗೆಲ್ಲ ಉರ್ದು. ಉರ್ದು ಓದುವವರು ರಾಯಚೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಇದು ಶಿಕಸ್ತಾ ಬರಹ, ಗೀಚಿದ ಹಾಗಿರುವ ಹಳೆ ಕಚೇರಿ ಕೈಬರಹ. ಅಚ್ಚಿನ ಉರ್ದು ಸರಾಗವಾಗಿ ಓದುವ ಈಗಿನವರೂ ಇದರ ಮುಂದೆ ತಡವರಿಸುತ್ತಾರೆ. ಕೊನೆಗೆ ನಮ್ಮ ಹಳೆ ಉರ್ದು ಮಾಸ್ತರಿಗೆ ಹೇಳಿ ಕಳಿಸಿದೆವು. ಅವರಿಗೆ ಈಗ 79. ಆಟೋದಲ್ಲಿ ಬಂದರು, ಕನ್ನಡಕ ಒರೆಸಿಕೊಂಡು ಕೂತರು. ಹುಡುಗ ಪುಟ ತಿರುವಲು ಬೆರಳು ಬಾಯಿಗೆ ತಂದ ಕೂಡಲೇ, "ಎಂಜಲು ಹಚ್ಚಬ್ಯಾಡಪಾ, ಹರೀತೈತಿ" ಅಂದರು. ನಮಗೂ ಎಂಟನೇ ಕ್ಲಾಸಿನಲ್ಲಿ ಇದೇ ಮಾತು ಹೇಳುತ್ತಿದ್ದರು.

ಎರಡು ತಾಸು ಹಿಡಿಯಿತು. ಸಿಕ್ಕಿತು. ಹುಡುಗನ ತಾತನ ಹೆಸರು, ಅವರ ತಂದೆಯ ಹೆಸರು, ಪಕ್ಕದಲ್ಲಿ ಕೌಮ್, ಅಂದರೆ ಜಾತಿ. ತಂದೆಯ ಉದ್ಯೋಗದ ಕಾಲಂನಲ್ಲಿ ಹಮಾಲಿ. ಸೇರಿದ್ದು 1349, ಅಮರ್ದಾದ್ ತಿಂಗಳು. ಇದು ಫಸಲಿ ಇಸವಿ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ವರ್ಷ ಅಕ್ಟೋಬರ್‌ನಲ್ಲಿ, ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಮಾಸ್ತರು ಬೆರಳು ಮಡಚಿ ಲೆಕ್ಕ ಹೇಳಿಕೊಟ್ಟರು. ಆಜುರ್, ದೈ, ಬಹಮನ್ ಈ ಮೂರು ತಿಂಗಳಾದರೆ 590 ಕೂಡಿಸಬೇಕು. ಆಮೇಲಿನ ತಿಂಗಳಾದರೆ 591. ಅಮರ್ದಾದ್ ಹೆಚ್ಚು ಕಡಿಮೆ ಜೂನ್ ತಿಂಗಳು. ಹಾಗಾಗಿ ತಾತ ಶಾಲೆಗೆ ಸೇರಿದ್ದು 1940ರ ಜೂನ್.

ನಕಲು ತೆಗೆದುಕೊಂಡು ಹೋದ ಹುಡುಗ ಮರುದಿನ ವಾಪಸ್ ಬಂದ. ಜಾತಿ ಪತ್ರದ ಕಚೇರಿಯಲ್ಲಿ "1349ರಾಗ ನಿಮ್ಮ ತಾತ ಶಾಲಿಗೆ ಹೋಗ್ಯಾರೇನು? ಆಗ ವಿಜಯನಗರ ಸಾಮ್ರಾಜ್ಯ ಇತ್ತಲ್ಲಪಾ" ಅಂದರಂತೆ. ನಕ್ಕೆವು, ಏನು ಮಾಡೋದು. ಹೆಡ್‌ಮಾಸ್ತರು ಫಸಲಿ ಲೆಕ್ಕ ವಿವರಿಸಿ ಇನ್ನೊಂದು ಪತ್ರ ಬರೆದುಕೊಟ್ಟ ಮೇಲೆ ಕೆಲಸ ಆಯಿತು.

ಇಂಥವರು ವರ್ಷವಿಡೀ ಬರುತ್ತಾರೆ. ಜಾತಿ ಪತ್ರಕ್ಕೆ, ಆಸ್ತಿ ಭಾಗಕ್ಕೆ, ಹೈದರಾಬಾದ್ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಅರ್ಹತಾ ಪತ್ರಕ್ಕೆ. ಕೆಲವರು ಸುಮ್ನೆ, ಅಪ್ಪನ ಹೆಸರು ನೋಡಿ ಹೋಗೋಣ ಅಂತ ಬರುತ್ತಾರೆ. ಪುಟ ಓದಿ ಹೇಳುವವರು ಈ ಒಬ್ಬ ಮಾಸ್ತರು ಮಾತ್ರ. ನಮ್ಮ ಮನವಿಯ ಮುಖ್ಯ ಕಾರಣ ಇದೇ.

ಶಾಲೆ ಶುರುವಾದಾಗ ಇದನ್ನು ಹೈಸ್ಕೂಲ್ ಅಂತಿರಲಿಲ್ಲ, ಫೋಖಾನಿಯಾ ಅಂತಿದ್ದರು. ಪ್ರೈಮರಿಗೆ ತಹತಾನಿಯಾ, ಮಿಡಲ್‌ಗೆ ವಸ್ತಾನಿಯಾ. ಪಾಠ ಎಲ್ಲ ಉರ್ದುವಿನಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಆಗ ಹಾಗೇ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಶಾಲೆಯಲ್ಲಿ ಉರ್ದು. ನಮ್ಮ ತಂದೆ ಕೊನೆವರೆಗೂ ತ್ರಿಭುಜಕ್ಕೆ ಮುಸಲ್ಲಸ್ ಅಂತಲೇ ಹೇಳುತ್ತಿದ್ದರು. ನನಗೆ ರೇಖಾಗಣಿತ ಹೇಳಿಕೊಡಲು ಕೂತರೆ ಇಬ್ಬರಿಗೂ ಜಗಳ. ಪಂಡಿತ ತಾರಾನಾಥರು ರಾಯಚೂರಿನಲ್ಲೇ ಕಟ್ಟಿದ ಹಮ್ದರ್ದ್ ಶಾಲೆಗೆ ಇದ್ದ ಹೆಸರು ನಮ್ಮ ಶಾಲೆಗೆ ಬರಲಿಲ್ಲ. ಇದು ಸಾಧಾರಣ ಸರ್ಕಾರಿ ಶಾಲೆ, ಎಲ್ಲರ ಮಕ್ಕಳೂ ಬಂದ ಶಾಲೆ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ರಿಜಿಸ್ಟರ್‌ನಲ್ಲಿ ಅದರ ಗುರುತು ಒಂದು ಪುಟದಲ್ಲಿದೆ. ಮಧ್ಯಕ್ಕೆ ಮಸಿಯ ಅಡ್ಡಗೆರೆ, ಅದರ ಕೆಳಗೆ ಇಂಗ್ಲಿಷ್ ಇಸವಿ. ಕೈಬರಹ ಅದೇ ಗುಮಾಸ್ತರದು! ಸರ್ಕಾರ ಬದಲಾದರೂ ಗುಮಾಸ್ತರು ಬದಲಾಗಿಲ್ಲ. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಿಧಾನವಾಗಿ ಕನ್ನಡ ಅಕ್ಷರ ಕಾಣಿಸಿಕೊಳ್ಳುತ್ತದೆ. ಮೊದಲ ಕನ್ನಡ ಪುಟದಲ್ಲಿ ಹೊಡೆದುಹಾಕಿದ ಅಕ್ಷರಗಳೇ ಜಾಸ್ತಿ. ಪಾಪ, ಕಲಿಯುತ್ತಾ ಬರೆದಿದ್ದಾರೆ.

ಈಗಿನ ಮಕ್ಕಳ ಬಗ್ಗೆ ಹೇಳಬೇಕು. ರಾಜೇಂದ್ರ ಗಂಜ್‌ನ ಹಮಾಲರ ಮಕ್ಕಳು, ಅಕ್ಕಿ ಗಿರಣಿ ಕೂಲಿಯವರ ಮಕ್ಕಳು, ಆಟೋದವರ ಮಕ್ಕಳು. ನವೆಂಬರ್, ಡಿಸೆಂಬರ್‌ನಲ್ಲಿ ಕ್ಲಾಸಿನಲ್ಲಿ ಬೆಂಚು ಖಾಲಿ. ಬೆಳಗ್ಗೆ ಆರಕ್ಕೆ ಟಂಟಂ ಗಾಡಿ ಏರಿ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗಿರುತ್ತಾರೆ. ಬೇಸಿಗೆಗೆ ಕೆಲವು ಮನೆಯವರು ಗುಳೆ ಹೋಗುತ್ತಾರೆ. ಹೋದವರಲ್ಲಿ ಎಲ್ಲರೂ ವಾಪಸ್ ಬರುವುದಿಲ್ಲ. 2002ರಲ್ಲಿ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಊಟದ ಬೆಲೆ ಏನು ಅಂತ ನಮ್ಮ ಮಾಸ್ತರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸರ್ಕಾರ ಏನೂ ಕೊಡುತ್ತಿಲ್ಲ ಅಂತ ನಾವು ಹೇಳುತ್ತಿಲ್ಲ. ಸಂಬಳ, ಪುಸ್ತಕ, ಸಮವಸ್ತ್ರ, ಊಟ ಎಲ್ಲ ಬರುತ್ತದೆ. ಹಳೆ ರಿಜಿಸ್ಟರ್ ಕಾಪಾಡಲು ಮಾತ್ರ ಯಾವ ಲೆಕ್ಕದಲ್ಲೂ ದುಡ್ಡಿಲ್ಲ. ಅವು ಇರುವ ಕೋಣೆ ಶಾಲೆಯ ಅತಿ ಹಳೆಯ ಕೋಣೆ. ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ, ಮೇಲೆ ಗಾರೆ ಮಾಳಿಗೆ. ಗೋಡೆ ಇನ್ನೂ ನೂರು ವರ್ಷ ನಿಲ್ಲುತ್ತದೆ. ಮಾಳಿಗೆ ಸೋರುತ್ತದೆ. ಹೋದ ಮಳೆಗಾಲದಲ್ಲಿ ಪೆಟ್ಟಿಗೆ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆವು, ಕೆಳಗಿನಿಂದ ನೀರು ಒಳಗೆ ಹೋಯಿತು. ಒಂದು ರಿಜಿಸ್ಟರ್‌ನ ಮೊದಲ ಹನ್ನೆರಡು ಪುಟ ಅಂಟಿಕೊಂಡು ಹಲಗೆಯಂತಾಗಿವೆ. ಆ ಮಕ್ಕಳು ಯಾರು ಅಂತ ಇನ್ನು ಗೊತ್ತಾಗುವುದಿಲ್ಲ.

ಲೆಕ್ಕ ಹೀಗಿದೆ. ಮಾಳಿಗೆ ರಿಪೇರಿಗೆ 1,40,000 ರೂಪಾಯಿ. ಎರಡು ಸ್ಟೀಲ್ ಅಲ್ಮಾರಿಗೆ 36,000. ಹನ್ನೊಂದು ರಿಜಿಸ್ಟರ್ ಸ್ಕ್ಯಾನ್ ಮಾಡಿಸಿ, ಹೆಸರುಗಳನ್ನು ಕನ್ನಡದಲ್ಲಿ ಬರೆಸಿ, ಫಸಲಿ ಪಕ್ಕ ಇಂಗ್ಲಿಷ್ ಇಸವಿ ಹಾಕಿಸಲು 70,000. ಮಾಸ್ತರು ಹೇಳುತ್ತಾ ಹೋಗುತ್ತಾರೆ, ಇಬ್ಬರು ಹುಡುಗರು ಬರೆದುಕೊಳ್ಳುತ್ತಾರೆ. ಮಾಸ್ತರು ಒಂದು ಪೈಸೆ ಬೇಡ ಅಂದಿದ್ದಾರೆ, ಆಟೋ ಚಾರ್ಜಾದರೂ ಕೊಟ್ಟೇ ಕೊಡುತ್ತೇವೆ. ಇದರ ಜೊತೆ ಎರಡು ಕ್ಲಾಸ್‌ರೂಮಿಗೆ ಹತ್ತು ಫ್ಯಾನ್, 22,000. ಏಪ್ರಿಲ್‌ನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆಯುವ ಊರು ನಮ್ಮದು. ಬಿಸಿಲಿನ ಬಗ್ಗೆ ಬೇರೆ ಹೇಳಬೇಕಾ? ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸುವ ಆಸೆ ಇದ್ದವರಿಗೆ ಒಂದು ಮಾತು, ತಿರುಗುವಾಗ ಅದು ಯಾರಿಗೂ ಕಾಣುವುದಿಲ್ಲ.

ಒಟ್ಟು 2,68,000. ನಾವು ಬ್ಯಾಚಿನವರು 62,000 ಕೂಡಿಸಿದ್ದೇವೆ. ಉಳಿದದ್ದು 2,06,000. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ. ದುಡ್ಡು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಹೋಗುತ್ತದೆ, ಯಾರ ಕೈಗೂ ಅಲ್ಲ. ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ.

ದುಡ್ಡು ಕೊಡಲು ಆಗದವರಿಗೆ ಇನ್ನೊಂದು ದಾರಿ ಇದೆ. ಜನವರಿಯಿಂದ ಮಾರ್ಚ್‌ವರೆಗೆ ಹತ್ತನೇ ಕ್ಲಾಸಿನವರು ಸಂಜೆ ಏಳರವರೆಗೆ ಓದಲು ಕೂರುತ್ತಾರೆ. ಐದಕ್ಕೆಲ್ಲ ಹಸಿವು. ಇಷ್ಟು ದಿನ ಒಬ್ಬ ಟೀಚರ್ ತಮ್ಮ ಕೈಯಿಂದ ಮಂಡಕ್ಕಿ ಒಗ್ಗರಣೆ ಮಾಡಿಸುತ್ತಿದ್ದರು. ಒಂದು ಚೀಲ ಮಂಡಕ್ಕಿ, ಎರಡು ಕೆಜಿ ಪುಟಾಣಿ, ಒಂದು ಡಬ್ಬಿ ಎಣ್ಣೆ, ಏನು ತಂದರೂ ಆಫೀಸಿನಲ್ಲಿ ಇಳಿಸಿಕೊಳ್ಳುತ್ತಾರೆ. ಮಿರ್ಚಿ ತಂದರಂತೂ ಮಕ್ಕಳು ನಿಮ್ಮನ್ನು ಮರೆಯುವುದಿಲ್ಲ.

ಸೆಪ್ಟೆಂಬರ್ 17ಕ್ಕೆ ಧ್ವಜಾರೋಹಣಕ್ಕೆ ಬನ್ನಿ. ಅವತ್ತು ಆ ಅಡ್ಡಗೆರೆಯ ಪುಟ ತೆರೆದಿಟ್ಟಿರುತ್ತೇವೆ. ಉಳಿದ ದಿನಗಳಲ್ಲಿ ಮಾಸ್ತರು ಪ್ರತಿ ಶನಿವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಆಫೀಸಿನಲ್ಲಿ ಇರುತ್ತಾರೆ. ನಿಮ್ಮ ತಾತ, ಮುತ್ತಾತ ಇಲ್ಲಿ ಓದಿದ್ದರೆ ಅವರ ತಂದೆಯ ಹೆಸರು, ಮನೆತನದ ಅಡ್ಡಹೆಸರು, ಏನು ಕೆಲಸ ಮಾಡುತ್ತಿದ್ದರು ಅನ್ನೋದನ್ನು ಮನೆಯಲ್ಲಿ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಅಡ್ಡಹೆಸರು ಗೊತ್ತಿದ್ದರೆ ಬೇಗ ಸಿಗುತ್ತದೆ. ಮಳೆ ಹಿಡಿದ ದಿನ ಮಾತ್ರ ಪೆಟ್ಟಿಗೆ ತೆಗೆಯುವುದಿಲ್ಲ.

ಹಳೆ ವಿದ್ಯಾರ್ಥಿಗಳ ಬಳಗದ ಪರವಾಗಿ,
1981ರ ಎಸ್ಸೆಸ್ಸೆಲ್ಸಿ ಬ್ಯಾಚಿನವನೊಬ್ಬ